ಕಡಲಿಲ್ಲದ ಸೀಮೆಯಲ್ಲಿ ಎರಡು ರಾತ್ರಿ

ಚಳ್ಳಕೆರೆಯ ಎಣ್ಣೆ ಗಿರಣಿಯೊಂದರಲ್ಲಿ ಲೆಕ್ಕ ಬರೆಯುವ ಗುಮಾಸ್ತರ ಮನೆಯಲ್ಲಿ 2022ರ ದಸರೆ ರಜೆಗೆ ಮೊದಲೇ ಸಮುದ್ರದ ಮಾತು ಶುರುವಾಗಿತ್ತು. ಒಂಬತ್ತನೇ ತರಗತಿಯಲ್ಲಿದ್ದ ಮಗಳ ಗೆಳತಿಯೊಬ್ಬಳು ಮರವಂತೆಗೆ ಹೋಗಿ ಬಂದಿದ್ದಳು. ಒಂದು ಮಗ್ಗುಲಿಗೆ ಕಡಲು, ಇನ್ನೊಂದು ಮಗ್ಗುಲಿಗೆ ಹೊಳೆ, ನಡುವೆ ಹೆದ್ದಾರಿ. ಆ ಚಿತ್ರಗಳನ್ನು ಮಗಳು ಮೊಬೈಲಿನಲ್ಲಿ ತೋರಿಸಿದ್ದೇ ತಡ, ಐದನೇ ತರಗತಿಯ ತಮ್ಮನೂ ಅಕ್ಕನ ಪಕ್ಷ ಸೇರಿದ. ಮರಳಿನ ಮೇಲೆ ಟೆಂಟ್ ಹಾಕಬೇಕು, ಬೆಳಿಗ್ಗೆ ಎದ್ದು ಕಾಡಿನೊಳಗೆ ಒಂದಿಷ್ಟು ದೂರ ನಡೆಯಬೇಕು ಎಂಬುದು ಮಕ್ಕಳ ಠರಾವು. ಟೆಂಟೇನೋ ಮನೆಯಲ್ಲೇ ಇತ್ತು. ಬೆಂಗಳೂರಿನ ಸೋದರಮಾವ ಆನ್‌ಲೈನಿನಲ್ಲಿ ತರಿಸಿ, ಒಂದು ಸಲವೂ ಬಿಚ್ಚದೆ, ಅಕ್ಕನ ಮನೆಗೆ ಸಾಗಹಾಕಿದ್ದ ನೀಲಿ ಟೆಂಟು.

ಗುಮಾಸ್ತರು ಕಾಗದ ತೆಗೆದುಕೊಂಡು ಲೆಕ್ಕ ಹಾಕಿದರು. ಹೋಗಲು ಒಂದು ದಿನ, ಬರಲು ಒಂದು ದಿನ, ಬಾಡಿಗೆ ಗಾಡಿ, ಡೀಸೆಲ್ಲು, ಐದು ಜನರ ಊಟ ತಿಂಡಿ. ಕೆಳಗೆ ಗೆರೆ ಎಳೆದು ಕೂಡಿದ ಮೇಲೆ ಕಾಗದವನ್ನು ಮಡಿಸಿ ಅಂಗಿಯ ಜೇಬಿಗೆ ಇಟ್ಟರು. ಆ ಮನೆಯಲ್ಲಿ ಕಾಗದ ಜೇಬಿಗೆ ಹೋಯಿತೆಂದರೆ ಸಂಗತಿ ಮುಗಿದಂತೆ. ‘ಎಣ್ಣೆ ನಗರಿ’, ‘ಎರಡನೇ ಬೊಂಬಾಯಿ’ ಎಂದೆಲ್ಲ ಊರಿಗೆ ಹೆಸರು ತಂದ ಗಿರಣಿಗಳಲ್ಲಿ ಎಷ್ಟೋ ಬಾಗಿಲು ಹಾಕಿವೆ. ಉಳಿದವುಗಳಲ್ಲಿ ಗುಮಾಸ್ತರ ಸಂಬಳವೂ ಶೇಂಗಾದ ಹಾಗೆಯೇ, ಒಳ್ಳೆಯ ವರ್ಷಕ್ಕೆ ಒಂದು ತೂಕ, ಕೆಟ್ಟ ವರ್ಷಕ್ಕೆ ಇನ್ನೊಂದು.

ಆಗ ಬಾಯಿ ಹಾಕಿದ್ದು ಅಜ್ಜಿ. ಎಲೆ ಅಡಿಕೆ ಕುಟ್ಟುತ್ತಾ, “ನೀರು ನೋಡಾಕೆ ಅಷ್ಟು ದೂರ ಯಾಕೆ ಹೋಗಬೇಕ್ಲಾ? ಮಾರಿ ಕಣಿವೆ ಕೋಡಿ ಬಿದ್ದೈತಂತಲ್ಲ. ನನ್ನ ಕರ್ಕೊಂಡು ಹೋಗು. ಅಲ್ಲಿಂದ ಹಂಗೇ ನಮ್ಮೂರಿಗೆ ಹೋಗಾನ. ಹೊಲ ನೋಡಿ ವರ್ಷ ಆತು” ಎಂದರು.

ಹೊಲದ ಮಾತು ಬಂದ ಕೂಡಲೇ ಗುಮಾಸ್ತರು ಹೆಂಡತಿಯ ಮುಖ ನೋಡಿದರು. ಆ ಹೊಲಕ್ಕೆ ಒಂದು ಕತೆ ಉಂಟು. ಮೊಳಕಾಲ್ಮುರು ತಾಲ್ಲೂಕಿನಲ್ಲಿ, ಅಶೋಕ ಸಿದ್ದಾಪುರದ ಆಸುಪಾಸಿನ ಒಂದು ಹಳ್ಳಿ ಅಜ್ಜಿಯ ತವರು. ಅಲ್ಲಿ ಗುಡ್ಡದ ಬುಡದ ಮೂರು ಎಕರೆ ಕೆಂಪು ನೆಲವನ್ನು ಅಪ್ಪ ಮಗಳಿಗೆ ಅರಿಶಿನ ಕುಂಕುಮಕ್ಕೆಂದು ಬರೆದುಕೊಟ್ಟಿದ್ದರು. ಅಣ್ಣನ ಮಗ ಅದನ್ನು ಕೋರಿಗೆ ಮಾಡುತ್ತಿದ್ದಾನೆ. ಕೆಲವು ತಿಂಗಳ ಹಿಂದೆ ಸೋಲಾರ್ ಕಂಪನಿಯೊಂದರ ಪರವಾಗಿ ಒಬ್ಬ ದಲ್ಲಾಳಿ ಚಳ್ಳಕೆರೆಯ ಮನೆಗೇ ಬಂದು, ಅಕ್ಕಪಕ್ಕದ ಹೊಲಗಳೆಲ್ಲ ಆಗಿವೆ, ನಿಮ್ಮದೊಂದು ಬಾಕಿ ಎಂದು ಹೇಳಿ ಹೋಗಿದ್ದ. ಇಪ್ಪತ್ತೈದು ವರ್ಷಕ್ಕೂ ಮೇಲ್ಪಟ್ಟ ಗುತ್ತಿಗೆ, ವರ್ಷ ವರ್ಷ ದುಡ್ಡು ಖಾತೆಗೆ. ಅಜ್ಜಿಯ ಹೆಬ್ಬೆಟ್ಟು ಒಂದಿದ್ದರೆ ಸಾಕು. ದಸರೆ ಕಳೆದ ಮೇಲೆ ಕಾಗದ ತರುತ್ತೇನೆ ಎಂದೂ ಹೇಳಿದ್ದ. ಗುಮಾಸ್ತರಿಗೆ ಮನಸ್ಸಿತ್ತು. ಮಗಳ ಪಿಯುಸಿ ಇನ್ನೆರಡು ವರ್ಷಕ್ಕೆ ಬರುತ್ತದೆ. ಆದರೆ ತಾಯಿಯ ಮುಂದೆ ಆ ಮಾತನ್ನು ಬಿಡಿಸಿ ಎತ್ತುವ ಧೈರ್ಯವೇ ಬಂದಿರಲಿಲ್ಲ.

ಹೀಗೆ ಪ್ರವಾಸ ಗೊತ್ತಾಯಿತು. ಗಿರಣಿಯ ಸ್ನೇಹಿತರೊಬ್ಬರ ಹಳೆಯ ಓಮ್ನಿ, ನೀಲಿ ಟೆಂಟು, ಎರಡು ಕಂಬಳಿ, ಜೋಳದ ರೊಟ್ಟಿ, ಶೇಂಗಾ ಚಟ್ನಿಪುಡಿ, ಮಂಡಕ್ಕಿ. ಚಳ್ಳಕೆರೆಯ ಸಂಸಾರವೊಂದು ಮಂಡಕ್ಕಿಯಿಲ್ಲದೆ ಊರು ಬಿಟ್ಟಿದ್ದನ್ನು ಯಾರೂ ಕಂಡಿರಲಾರರು.

ವಾಣಿವಿಲಾಸ ಸಾಗರವನ್ನು ಅಲ್ಲಿನವರು ಇವತ್ತಿಗೂ ಮಾರಿ ಕಣಿವೆ ಎಂದೇ ಕರೆಯುವುದು. ಹಿರಿಯೂರು ತಾಲ್ಲೂಕಿನಲ್ಲಿ ಎರಡು ಗುಡ್ಡಗಳ ನಡುವಿನ ಸಂದಿಯಲ್ಲಿ ವೇದಾವತಿಗೆ ಅಡ್ಡಲಾಗಿ ಈ ಕಟ್ಟೆಯನ್ನು ಕಟ್ಟಲು ತೊಡಗಿದ್ದು 1898ರಲ್ಲಿ, ದಿವಾನ್ ಶೇಷಾದ್ರಿ ಅಯ್ಯರ್ ಅವರ ಕಾಲದಲ್ಲಿ, ಮುಗಿದದ್ದು 1907ರಲ್ಲಿ. ಮಗ ಚಿಕ್ಕವನೆಂದು ರಾಜ್ಯಭಾರ ನೋಡಿಕೊಂಡ ಮಹಾರಾಣಿ ವಾಣಿವಿಲಾಸ ಸನ್ನಿಧಾನದವರ ಹೆಸರು ಅದಕ್ಕೆ ಬಂತು. ಸುಮಾರು ಮೂವತ್ತು ಟಿಎಂಸಿ ನೀರು ಹಿಡಿಯುವ ಜಲಾಶಯ. ಆದರೆ ಹಿಡಿಯಲು ನೀರು ಬರಬೇಕಲ್ಲ? ಒಮ್ಮೆ 1933ರಲ್ಲಿ ತುಂಬಿ ಕೋಡಿ ಹರಿದದ್ದು ಬಿಟ್ಟರೆ ಮತ್ತೆ ತುಂಬಲೇ ಇಲ್ಲ. ಮೂರು ತಲೆಮಾರಿನ ಜನ ಖಾಲಿ ಕೋಡಿಯನ್ನೇ ನೋಡಿಕೊಂಡು ಬಂದರು. 2022ರ ಸೆಪ್ಟೆಂಬರಿನಲ್ಲಿ, ಎಂಬತ್ತೊಂಬತ್ತು ವರ್ಷಗಳ ಮೇಲೆ, ನೀರು ಕೋಡಿಯನ್ನು ದಾಟಿತು. ಮಳೆಯೂ ಹೆಚ್ಚಾಗಿತ್ತು. ಭದ್ರಾ ಮೇಲ್ದಂಡೆ ಯೋಜನೆಯಲ್ಲಿ ಮೇಲಕ್ಕೆತ್ತಿ ತಂದ ಭದ್ರೆಯ ನೀರೂ ಅದರೊಳಗೆ ಸೇರಿತ್ತು. ಎರಡೂವರೆ ವರ್ಷವೂ ಕಳೆಯದೆ 2025ರ ಜನವರಿಯಲ್ಲಿ ಅದು ಮೂರನೇ ಸಲ ತುಂಬಿತು. 2022ರ ದಸರೆಯಲ್ಲಿ ಮಾತ್ರ ಇದು ಮತ್ತೆ ನೋಡಸಿಗುವ ಸಂಗತಿಯೆಂದು ಯಾರೂ ನಂಬಿರಲಿಲ್ಲ. ಆದ್ದರಿಂದ ಜನವೋ ಜನ. ಗಾಡಿ, ಟ್ರ್ಯಾಕ್ಟರು, ಟಂಟಂ. ಕಡಲೆಕಾಯಿ, ಕಲ್ಲಂಗಡಿ, ಬಲೂನು. ಕಣಿವೆ ಮಾರಮ್ಮನ ಗುಡಿಯ ಮುಂದೆ ತೆಂಗಿನಕಾಯಿಯ ರಾಶಿ.

ಹುಡುಗ ಕಟ್ಟೆಯ ಮೇಲೆ ನಿಂತು ಹಿನ್ನೀರನ್ನು ನೋಡಿದವನೇ, “ಆಕಡೆ ದಡ ಎಲ್ಲೈತಪ್ಪ?” ಎಂದ. ಮೋಡ ಕವಿದ ದಿನ. ಗುಡ್ಡಗಳ ಸಾಲಿನ ನಡುವೆ ನೀರು ಮಾಸಲು ಬಣ್ಣಕ್ಕೆ ತಿರುಗಿ, ಗಾಳಿಗೆ ಸಣ್ಣಗೆ ಅಲೆ ಎದ್ದು ಕಲ್ಲಿಗೆ ಬಡಿಯುತ್ತಿತ್ತು. ಮಗಳು ಮರವಂತೆಯ ಮಾತನ್ನು ಆ ಹೊತ್ತಿಗೆ ಎತ್ತಲಿಲ್ಲ. ಹಾಗೆಂದು ಒಪ್ಪಿಕೊಂಡಳು ಎಂದೂ ಅಲ್ಲ.

ಅಜ್ಜಿ ಕೋಡಿಯ ಹತ್ತಿರ ಹೋಗಿ ಸೆರಗು ಬಿಗಿದು ನಿಂತರು. ಅವರ ಅಪ್ಪ ಹುಡುಗನಾಗಿದ್ದಾಗ ಊರಿನವರ ಗಾಡಿಯ ಹಿಂದೆ ನಡೆದುಕೊಂಡು ಬಂದು 1933ರ ಕೋಡಿಯನ್ನು ನೋಡಿದ್ದರಂತೆ. ಹೋಗಲು ಬರಲು ವಾರ ಹಿಡಿದಿತ್ತಂತೆ. ಆ ಕತೆಯನ್ನು ಅವರು ಹೇಳಿದಾಗಲೆಲ್ಲ ಮನೆಯಲ್ಲಿ ಯಾರೂ ನಂಬುತ್ತಿರಲಿಲ್ಲ, ಏಕೆಂದರೆ ಮಾರಿ ಕಣಿವೆ ಕೋಡಿ ಬೀಳುವುದೆಂದರೆ ಕೋಳಿಗೆ ಹಲ್ಲು ಬಂದ ಹಾಗೆ ಎಂದು ತಿಳಿದ ಕಾಲ. “ನಮ್ಮಪ್ಪ ಸುಳ್ಳು ಹೇಳಿರಲಿಲ್ಲ ಕಣ್ರೋ” ಎಂದಷ್ಟೇ ಹೇಳಿ, ಕೈಯಲ್ಲಿದ್ದ ಎಲೆ ಅಡಿಕೆಯನ್ನು ನೀರಿಗೆ ಬಿಟ್ಟರು. ಅದು ಸುತ್ತಿ ಸುತ್ತಿ ಕೆಳಗೆ ಹೋಯಿತು. ಹಾಗೆ ಹೋದ ನೀರು ಹಿರಿಯೂರು ದಾಟಿ, ಚಳ್ಳಕೆರೆ ತಾಲ್ಲೂಕಿನ ಪರಶುರಾಂಪುರದ ಕಡೆ ಹಾದು, ಆಂಧ್ರದ ಭೈರವಾನಿತಿಪ್ಪ ಅಣೆಕಟ್ಟು ಸೇರಿ, ಮತ್ತೆ ಕರ್ನಾಟಕಕ್ಕೆ ತಿರುಗಿ ಹಗರಿಯೆಂಬ ಹೆಸರಿನಲ್ಲಿ ತುಂಗಭದ್ರೆಗೆ ಹೋಗುತ್ತದೆ. ಅಲ್ಲಿಂದ ಕೃಷ್ಣೆ, ಕೃಷ್ಣೆಯಿಂದ ಬಂಗಾಳಕೊಲ್ಲಿ. ಎಲೆ ಅಡಿಕೆಯಾದರೂ ಸಮುದ್ರ ಕಂಡೀತು ಎಂದು ಗುಮಾಸ್ತರು ನಗೆಯಾಡಿದರು.

ಚಳ್ಳಕೆರೆಗೆ ಹಿಂತಿರುಗಿ ಬಳ್ಳಾರಿ ರಸ್ತೆ ಹಿಡಿದರೆ ನೇರ ದಾರಿ. ಅಜ್ಜಿಗೆ ಮಾತ್ರ ನಾಯಕನಹಟ್ಟಿಯ ತಿಪ್ಪೇರುದ್ರಸ್ವಾಮಿಗೆ ಕಾಯಿ ಒಡೆಸದೆ ಮುಂದೆ ಹೋಗಲು ಒಪ್ಪಿಗೆಯಿಲ್ಲ. ಫಾಲ್ಗುಣದ ರಥೋತ್ಸವದಲ್ಲಿ ಕಾಲಿಡಲು ಜಾಗವಿಲ್ಲದ ಊರು ಅಂದು ತಣ್ಣಗಿತ್ತು. ಈ ಸ್ವಾಮಿಯನ್ನು ಇಲ್ಲಿನ ಜನ ನೆನೆಯುವುದು ಕೆರೆ ಕಟ್ಟಿಸಿದವರೆಂದು. ಮಣ್ಣು ಹೊತ್ತವರಿಗೆ ಅವರವರು ಮಾಡಿದಷ್ಟಕ್ಕೆ ಸರಿಯಾಗಿ ಕೂಲಿ ಸಿಗುತ್ತಿತ್ತು ಎಂಬ ಪವಾಡದ ಕತೆಯೂ ಇದೆ. ಒಣ ಸೀಮೆಯ ದೇವರು ಕೆರೆ ಕಟ್ಟಿಸದೆ ಇನ್ನೇನು ಮಾಡಬೇಕು?

ಆ ದಾರಿಯಲ್ಲಿ ಇನ್ನೊಂದು ನೋಟವೂ ಸಿಗುತ್ತದೆ, ಅದು ಗೋಡೆ. ಮೈಸೂರು ಅರಸರ ಕಾಲದಿಂದ ಅಮೃತ ಮಹಲ್ ದನಗಳಿಗೆಂದು ಬಿಟ್ಟಿದ್ದ ಕಾವಲುಗಳ ಸುಮಾರು ಹತ್ತು ಸಾವಿರ ಎಕರೆಯನ್ನು ಹದಿನೈದು ವರ್ಷಗಳ ಹಿಂದೆ ರಕ್ಷಣಾ ಸಂಶೋಧನೆ, ಅಣುಶಕ್ತಿ, ಬಾಹ್ಯಾಕಾಶ, ವಿಜ್ಞಾನ ಸಂಸ್ಥೆ ಮೊದಲಾದವುಗಳಿಗೆ ಕೊಡಲಾಯಿತು. ವಿಮಾನ ಪರೀಕ್ಷೆಯ ಓಡುದಾರಿ 2017ರಲ್ಲಿ ಉದ್ಘಾಟನೆಯಾಯಿತು. ಕುರಿ ದನ ಮೇಯಿಸುವ, ಕಂಬಳಿ ನೇಯ್ದು ಬದುಕುವ ಹಳ್ಳಿಗಳವರು ಹಸಿರು ನ್ಯಾಯಮಂಡಳಿಯವರೆಗೂ ಹೋದರು. ದೇಶಕ್ಕೆ ವಿಮಾನವೂ ಬೇಕು, ಕುರಿಗೆ ಹುಲ್ಲೂ ಬೇಕು. ಎರಡೂ ಒಂದೇ ಜಾಗದಲ್ಲಿ ಬೇಕಾದಾಗ ಯಾವುದು ಜಾಗ ಬಿಡುತ್ತದೆ ಎಂಬುದು ಕುರುಬರ ಹಟ್ಟಿಯ ಮಗುವಿಗೂ ಗೊತ್ತು. ಓಮ್ನಿಯ ಕಿಟಕಿಯಿಂದ ಗೋಡೆ ಓಡುತ್ತಲೇ ಇತ್ತು. “ಇದು ಮೊದಲು ಬರೀ ಹುಲ್ಲು ಕಣಮ್ಮ. ಚಿಗರಿ ಹಿಂಡು ಹಾರೋದ ನೋಡಬೇಕಾಗಿತ್ತು ನೀನು” ಎಂದು ಅಜ್ಜಿ ಮೊಮ್ಮಗಳಿಗೆ ಹೇಳಿದರು. ಚಿಗರಿ ಎಂದರೆ ಕೃಷ್ಣಮೃಗ.

ತಳಕು ಬಂತು. ತ.ಸು. ಶಾಮರಾಯರ ಅಣ್ಣ, ಕನ್ನಡದ ಮೇಷ್ಟ್ರುಗಳ ಮೇಷ್ಟ್ರು ಟಿ.ಎಸ್. ವೆಂಕಣ್ಣಯ್ಯನವರ ಮತ್ತು ತ.ರಾ.ಸು. ಮನೆತನದ ಊರು. ಗಾಡಿ ಅಲ್ಲಿ ನಿಂತದ್ದು ಚಹಾಕ್ಕೆ ಮಾತ್ರ.

ಅಜ್ಜಿಯ ತವರು ತಲಪುವಾಗ ದೀಪ ಹಚ್ಚುವ ಹೊತ್ತು. ಅಣ್ಣನ ಮಗ ಮನೆಯಲ್ಲಿರಲಿಲ್ಲ. ಹೊಲದಲ್ಲಿದ್ದ. ಶೇಂಗಾ ಕೀಳುವ ಕಾಲದಲ್ಲಿ ಆ ಕಡೆಯ ರೈತ ಮನೆಯಲ್ಲಿ ಮಲಗುವುದಿಲ್ಲ. ಕಾಡುಹಂದಿ ಒಂದು ರಾತ್ರಿ ನುಗ್ಗಿದರೆ ಆರು ತಿಂಗಳ ದುಡಿಮೆ ಮಣ್ಣು. ಆದ್ದರಿಂದ ಟೆಂಟು ಎಲ್ಲಿ ಹಾಕಬೇಕೆಂಬ ಪ್ರಶ್ನೆಯೇ ಏಳಲಿಲ್ಲ. ಮರಳದಂಡೆಗೆ ಬದಲು ಶೇಂಗಾ ಹೊಲ, ಅಲೆಯ ಸದ್ದಿಗೆ ಬದಲು ತಗಡಿನ ಡಬ್ಬ ಬಡಿಯುವ ಸದ್ದು. ಮಾವ, ಅಂದರೆ ಮಕ್ಕಳ ಪಾಲಿಗೆ ಮಾವ, ನಾಲ್ಕು ಕಂಬದ ಮೇಲೆ ಕಟ್ಟಿಕೊಂಡ ಅಟ್ಟಣಿಗೆಯಿಂದ ಇಳಿದು ಬಂದು, ನೀಲಿ ಟೆಂಟನ್ನು ಒಂದು ಸುತ್ತು ನೋಡಿ, “ಭಾವ, ಇದರೊಳಗೆ ಮನುಷ್ಯರು ಮಲಗ್ತಾರಾ?” ಎಂದು ಕೇಳಿದ.

ಮಲಗಿದರು, ಮೊದಲ ರಾತ್ರಿ. ಬೆಂಕಿ ಹಾಕಿದ್ದರು. ಒಡೆದ ಹಸಿ ಶೇಂಗಾವನ್ನು ಬೆಂಕಿಯಲ್ಲಿ ಸುಟ್ಟು ತಿಂದರು. ಗುಡ್ಡದ ಕಡೆಗೆ ಬ್ಯಾಟರಿ ಬಿಡಬೇಡ ಎಂದು ಮಾವ ಹುಡುಗನಿಗೆ ಹೇಳಿದ. ಕರಡಿ ಉಂಟು. ಮೊಳಕಾಲ್ಮುರಿನ ಗುಡ್ಡಗಳಲ್ಲಿ ಸೀತಾಫಲ ತಾನೇ ತಾನಾಗಿ ಬೆಳೆಯುತ್ತದೆ. ಹಣ್ಣಿನ ಕಾಲದಲ್ಲಿ ಬುಟ್ಟಿಗಟ್ಟಲೆ ಸಂತೆಗೂ ಬರುತ್ತದೆ. ಅದೇ ಹಣ್ಣಿಗೆ ಕರಡಿಗಳೂ ಬರುತ್ತವೆ. ಮನುಷ್ಯ, ಕರಡಿ ಇಬ್ಬರೂ ಹಗಲು ರಾತ್ರಿ ಪಾಳಿ ಹಂಚಿಕೊಂಡಿದ್ದಾರೆ. ಪಾಳಿ ತಪ್ಪಿದಾಗಲೇ ಪತ್ರಿಕೆಯಲ್ಲಿ ಸುದ್ದಿ.

ಬೆಳಿಗ್ಗೆ ಎದ್ದು ನೋಡಿದಾಗ ಗೊತ್ತಾದದ್ದು ಹೊಲದ ಗತಿ. ವರ್ಷಕ್ಕೆ 500 ಮಿಲಿಮೀಟರ್ ಮಳೆ ಬಂದರೆ ಪುಣ್ಯ ಎನ್ನುವ ಸೀಮೆ ಅದು. ಆ ವರ್ಷ ಮಳೆ ನಿಲ್ಲಲೇ ಇಲ್ಲ. ಮಾವ ಒಂದು ಗಿಡ ಕಿತ್ತು ಅತ್ತೆಯ ಕೈಗೆ ಕೊಟ್ಟ. ಕಾಯಿಗಳಲ್ಲಿ ಅರ್ಧಕ್ಕರ್ಧ ನೆಲದೊಳಗೇ ಮೊಳೆತಿದ್ದವು. ಬರದಲ್ಲಿ ಒಣಗಿದ ಬೆಳೆಯನ್ನು ನೋಡಿ ಅಜ್ಜಿಗೆ ರೂಢಿಯಿತ್ತು. ನೀರು ಹೆಚ್ಚಾಗಿ ಹಾಳಾದದ್ದನ್ನು ನೋಡಿದ್ದು ಕಡಿಮೆ. ಹಿಂದಿನ ದಿನ ಅದೇ ನೀರಿಗೆ ಎಲೆ ಅಡಿಕೆ ಬಿಟ್ಟು ಬಂದಿದ್ದರು. ಗಿಡವನ್ನು ತಿರುಗಿಸಿ ತಿರುಗಿಸಿ ನೋಡಿ ಬದುವಿನ ಮೇಲೆ ಇಟ್ಟರು. “ಅತ್ತೆ, ಕಂಪನಿಯೋರು ನನ್ನೂ ಕೇಳ್ಯಾರ. ನೀನು ಹೆಂಗಂದರೆ ಹಂಗೆ” ಎಂದ ಮಾವ. ಗುಮಾಸ್ತರು ಬಾಯಿಗೆ ತರಲಾರದ ಮಾತು ಹೀಗೆ ಬದುವಿನ ಮೇಲೆ ಬಂದು ಬಿತ್ತು. ಅಜ್ಜಿ ಯಾರ ಕಡೆಗೂ ನೋಡಲಿಲ್ಲ. “ಹುಡುಗ್ರನ್ನ ಬ್ರಹ್ಮಗಿರಿಗೆ ಕರ್ಕೊಂಡು ಹೋಗಿ ಬರ್ರಿ, ಬಿಸಿಲು ಏರೋದ್ರೊಳಗೆ” ಎಂದರು.

ಬ್ರಹ್ಮಗಿರಿಯ ದಾರಿ ದೊಡ್ಡ ಕಾಡೇನಲ್ಲ. ಮಲೆನಾಡಿನವರು ನೋಡಿದರೆ ಇದನ್ನು ಕಾಡೆನ್ನುತ್ತೀರಾ ಎಂದಾರು. ಕಾರೆ, ಬಾರೆ, ಜಾಲಿ, ಕಮರ, ಹಳದಿ ಹೂ ಬಿಟ್ಟ ತಂಗಡಿ, ನಡುವೆ ಆನೆಗಾತ್ರದ ಗುಂಡುಗಳು. ಮಳೆಯ ದೆಸೆಯಿಂದ ಆ ವರ್ಷ ಎಲ್ಲಕ್ಕೂ ಹಸಿರು ಬಂದಿತ್ತು. ಅರ್ಧ ಗಂಟೆ ನಡೆದರೆ ಹುಡುಗರಿಗೆ ಸಾಕಾಗುವಷ್ಟು ಮುಳ್ಳೂ ಸಿಗುತ್ತದೆ, ಹಕ್ಕಿಯೂ ಸಿಗುತ್ತದೆ.

ಅಲ್ಲಿರುವ ಬಂಡೆಯನ್ನು ಜನ ಅಕ್ಷರಗುಂಡು ಎನ್ನುತ್ತಾರೆ. ಬಿ.ಎಲ್. ರೈಸ್ ಅವರು 1890ರ ದಶಕದ ಆರಂಭದಲ್ಲಿ ಇಲ್ಲಿಯೂ ಸಿದ್ದಾಪುರದಲ್ಲಿಯೂ ಜಟಿಂಗ ರಾಮೇಶ್ವರದಲ್ಲಿಯೂ ಅಶೋಕನ ಶಾಸನಗಳನ್ನು ಗುರುತಿಸಿದಾಗ, ಮೌರ್ಯರ ಆಳ್ವಿಕೆ ಮೈಸೂರು ಸೀಮೆಯವರೆಗೆ ಬಂದಿತ್ತೆಂಬುದು ಮೊದಲ ಬಾರಿಗೆ ಖಚಿತವಾಯಿತು. ಸುವರ್ಣಗಿರಿಯಲ್ಲಿದ್ದ ಆರ್ಯಪುತ್ರನೂ ಮಹಾಮಾತ್ರರೂ ಇಸಿಲದ ಮಹಾಮಾತ್ರರಿಗೆ ಆರೋಗ್ಯ ವಿಚಾರಿಸಿ ಕಳಿಸಿದ ಆದೇಶ ಅದು. ಇಸಿಲ ಎಂದರೆ ಇಲ್ಲಿಯೇ ಇದ್ದ ಪಟ್ಟಣ. ತಂದೆತಾಯಿಯ ಮಾತು ಕೇಳಬೇಕು, ಜೀವಿಗಳ ಮೇಲೆ ಕರುಣೆಯಿರಬೇಕು, ನಿಜ ನುಡಿಯಬೇಕು, ಶಿಷ್ಯ ಗುರುವನ್ನು ಗೌರವಿಸಬೇಕು, ಇದು ಹಿಂದಿನಿಂದ ಬಂದ ನಡವಳಿಕೆ ಎಂದು ಅದರ ಸಾರ. ತಂದೆತಾಯಿಯ ಮಾತನ್ನು ಗುಮಾಸ್ತರು ಮಕ್ಕಳಿಗೆ ಸ್ವಲ್ಪ ಗಟ್ಟಿಯಾಗಿಯೇ ಹೇಳಿದರು. “ನಿಮ್ಮಮ್ಮನ ಮಾತು ನೀವೂ ಕೇಳ್ಬೇಕಲ್ಲಪ್ಪ ಹಂಗಾದ್ರೆ?” ಎಂದಳು ಮಗಳು. ಅವರ ಹೆಂಡತಿ ಬೇರೆ ಕಡೆ ತಿರುಗಿ ನಕ್ಕರು.

ಆದೇಶದಲ್ಲಿ 256 ಎಂಬ ಅಂಕಿಯೊಂದಿದೆ. ಅಶೋಕ ಅರಮನೆಯಿಂದ ಹೊರಗೆ, ಪ್ರವಾಸದಲ್ಲಿ ಕಳೆದ ರಾತ್ರಿಗಳ ಎಣಿಕೆ ಅದು ಎಂದು ಅನೇಕ ಪಂಡಿತರು ಅರ್ಥ ಮಾಡುತ್ತಾರೆ. ಚಕ್ರವರ್ತಿ 256 ರಾತ್ರಿ ಡೇರೆಯಲ್ಲಿ ಮಲಗಬಹುದಾದರೆ ತಾನೂ ಇನ್ನೊಂದು ರಾತ್ರಿ ಮಲಗುತ್ತೇನೆ ಎಂದ ಹುಡುಗ. ಗುಮಾಸ್ತರಿಗೆ ಹಿಡಿಸಿದ್ದು ಬೇರೆ. ಪ್ರಾಕೃತ ಭಾಷೆಯ, ಬ್ರಾಹ್ಮೀ ಲಿಪಿಯ ಶಾಸನದ ಕೊನೆಯಲ್ಲಿ ಇದನ್ನು ಬರೆದ ಲಿಪಿಕಾರ ಚಪಡ ತನ್ನ ಹೆಸರು ಹಾಕಿದ್ದಾನೆ. ‘ಲಿಪಿಕಾರ’ ಎಂಬುದನ್ನು ಮಾತ್ರ ಬಲದಿಂದ ಎಡಕ್ಕೆ ಬರೆಯುವ ಖರೋಷ್ಠಿಯಲ್ಲಿ ಬರೆದಿದ್ದಾನೆ. ಖರೋಷ್ಠಿ ನಡೆಯುತ್ತಿದ್ದದ್ದು ಗಂಧಾರದ ಕಡೆ, ಈಗಿನ ಪಾಕಿಸ್ತಾನದ ವಾಯವ್ಯದಲ್ಲಿ. ಅಷ್ಟು ದೂರದ ಅಕ್ಷರ ಬಲ್ಲ ಗುಮಾಸ್ತನೊಬ್ಬ ಮೊಳಕಾಲ್ಮುರಿನ ಗುಂಡಿನ ಮುಂದೆ ಕೂತು, ಮೇಲಿನವರು ಹೇಳಿದ್ದನ್ನೆಲ್ಲ ಬರೆದು ಮುಗಿಸಿ, ಕೊನೆಗೆ ತನ್ನ ಕಸುಬಿನ ಹೆಸರನ್ನು ಸಾಹೇಬರುಗಳಿಗೆ ತಿಳಿಯದ ಲಿಪಿಯಲ್ಲಿ ಗೀಚಿಬಿಟ್ಟ. “ನಮ್ಮ ಕಸುಬಿನವನು” ಎಂದು ಗುಮಾಸ್ತರು ಬಂಡೆಯ ಮುಂದೆ ಬಹಳ ಹೊತ್ತು ನಿಂತರು.

ಕಡಲಿನ ಸುದ್ದಿ ಬಂದದ್ದೂ ಅಲ್ಲಿಯೇ. ಮಾರ್ಟಿಮರ್ ವೀಲರ್ 1947ರಲ್ಲಿ ಬ್ರಹ್ಮಗಿರಿಯ ಬುಡದಲ್ಲಿ ಉತ್ಖನನ ನಡೆಸಿದರು. ಅದಕ್ಕೆ ಮೊದಲು ಮೈಸೂರಿನ ಎಂ.ಎಚ್. ಕೃಷ್ಣ ಅವರು ಅಗೆದು ನೋಡಿದ್ದರು. ಕೆಳಗೆ ನಯಗೊಳಿಸಿದ ಕಲ್ಲುಕೊಡಲಿಯ ಜನ, ಮೇಲೆ ಕಬ್ಬಿಣ ಬಲ್ಲ, ಸತ್ತವರಿಗೆ ಚಪ್ಪಡಿಯ ಕೋಣೆ ಕಟ್ಟುತ್ತಿದ್ದ ಜನ, ಅದರ ಮೇಲೆ ಸಾತವಾಹನರ ಕಾಲದ ಜನ. ದಕ್ಷಿಣ ಭಾರತದ ಚರಿತ್ರೆಪೂರ್ವ ಕಾಲಕ್ಕೆ ಒಂದು ಏಣಿ ಸಿಕ್ಕಿತು. ಆದರೆ ಏಣಿಯ ಮೆಟ್ಟಿಲಿಗೆ ತಾರೀಖು ಹಾಕುವುದು ಹೇಗೆ? ವೀಲರ್ 1945ರಲ್ಲಿ ಪುದುಚೇರಿಯ ಹತ್ತಿರ ಸಮುದ್ರತೀರದ ಅರಿಕಮೇಡುವಿನಲ್ಲಿ ಅಗೆದಿದ್ದರು. ಅಲ್ಲಿ ರೋಮಿನ ಹಡಗುಗಳು ತಂದ ಮಡಕೆಗಳ ಜೊತೆಗೆ, ಒಳತಳದಲ್ಲಿ ಸಣ್ಣ ಚುಕ್ಕಿಗಳ ಸುತ್ತು ಒತ್ತಿದ ಒಂದು ಜಾತಿಯ ತಟ್ಟೆಯ ಚೂರುಗಳು ಸಿಕ್ಕಿದ್ದವು. ರೋಮಿನ ಮಡಕೆಯ ಕಾಲ ಗೊತ್ತಿದ್ದುದರಿಂದ ತಟ್ಟೆಯ ಕಾಲವೂ ಗೊತ್ತಾಯಿತು. ಅದೇ ಚುಕ್ಕಿಯ ತಟ್ಟೆ ಬ್ರಹ್ಮಗಿರಿಯಲ್ಲೂ ಸಿಕ್ಕಿತು. ಚಿತ್ರದುರ್ಗದ ಪಕ್ಕದ ಚಂದ್ರವಳ್ಳಿಯಲ್ಲಿ ರೋಮಿನ ಚಕ್ರವರ್ತಿ ಟೈಬೀರಿಯಸನ ನಾಣ್ಯವೇ ಸಿಕ್ಕಿದೆ. ಎಂದರೆ ಎರಡು ಸಾವಿರ ವರ್ಷದ ಹಿಂದೆ ಕಡಲದಂಡೆಯ ಸರಕು ಈ ಒಣ ಗುಡ್ಡದವರೆಗೆ ಬಂದು, ಇಲ್ಲಿಯ ಯಾರದೋ ಮನೆಯಲ್ಲಿ ಊಟಕ್ಕೆ ಬಡಿಸಿಕೊಂಡಿತ್ತು.

ಮಗಳ ಕಣ್ಣು ಅಲ್ಲಿಂದ ನೆಲದ ಮೇಲೆಯೇ. ಹೊಲದ ದಾರಿಯಲ್ಲಿ ಮಳೆ ತೊಳೆದು ಮೇಲೆ ಬಿಟ್ಟ ಮಡಕೆಚೂರುಗಳು ಬೇಕಾದಷ್ಟು. ಕಪ್ಪು ಕೆಂಪು ಬಣ್ಣದ ಒಂದು ಚೂರನ್ನು ಎತ್ತಿ ಉಜ್ಜಿ ನೋಡಿದಳು. ಚುಕ್ಕಿ ಇರಲಿಲ್ಲ. ಚೀಲಕ್ಕೆ ಹಾಕಿಕೊಳ್ಳಲು ಹೋದಾಗ, ಇದು ಸರ್ಕಾರದ ರಕ್ಷಣೆಯ ಜಾಗ, ಒಂದು ಚೂರನ್ನೂ ಒಯ್ಯುವ ಹಾಗಿಲ್ಲ ಎಂದರು ಗುಮಾಸ್ತರು. ಹುಡುಗಿ ಅದನ್ನು ಎತ್ತಿದ ಕಡೆಯಲ್ಲೇ, ಎತ್ತಿದ ಮಗ್ಗುಲಿಗೇ ಇಟ್ಟಳು. ಸಿದ್ದಾಪುರದ ‘ಎಮ್ಮೆ ತಮ್ಮನ ಗುಂಡ’ನ್ನೂ ನೋಡಿಕೊಂಡು ಊಟದ ಹೊತ್ತಿಗೆ ಹೊಲ ಸೇರಿದರು.

ಎರಡನೇ ರಾತ್ರಿ ಟೆಂಟಿನ ಪ್ರತಾಪ ಮುಗಿಯಿತು. ಹನ್ನೊಂದರ ಸುಮಾರಿಗೆ ಹಿಡಿದ ಮಳೆಗೆ ಅದು ಮೊದಲು ಹೊಲಿಗೆಯಲ್ಲಿ ತೊಟ್ಟಿಕ್ಕಿ, ಆಮೇಲೆ ಒಂದು ಕಡೆ ಬಾಗಿ, ಕೊನೆಗೆ ಮಲಗಿತು. ಚಳ್ಳಕೆರೆಯ ಸಂತೆಯಲ್ಲಿ ತಂದ ಎರಡು ಕರಿಕಂಬಳಿಗಳೇ ಉಳಿಸಿದವು. ಒಂದನ್ನು ಮಡಿಸಿ ಕೊಪ್ಪೆ ಮಾಡಿ ಅಜ್ಜಿ ಇಬ್ಬರು ಮಕ್ಕಳ ತಲೆಯ ಮೇಲೂ ಎಳೆದುಕೊಂಡರು. ನೀರು ಕೂದಲಿನ ಮೇಲೆ ಜಾರಿ ಹೋಯಿತೇ ಹೊರತು ಒಳಗೆ ಇಳಿಯಲಿಲ್ಲ. ಮಿಂಚಿನ ಬೆಳಕಿನಲ್ಲಿ ಹೊಲದ ತುಂಬ ನಿಂತ ನೀರು ಕಾಣುತ್ತಿತ್ತು. “ಅಕ್ಕ, ನಿನ್ನ ಸಮುದ್ರ ಬಂತು ನೋಡು” ಎಂದ ತಮ್ಮ. ಯಾರೂ ನಗಲಿಲ್ಲ. ಅಟ್ಟಣಿಗೆಯ ಕೆಳಗೆ ಮಾವ ಬೀಡಿ ಹಚ್ಚಿಕೊಂಡು ಕೂತಿದ್ದ. ಕಿತ್ತು ಒಟ್ಟಿದ ಬಣವೆಗೆ ಹೊದಿಸಿದ್ದ ತಾಡಪಾಲು ಗಾಳಿಗೆ ಹಾರುತ್ತಿತ್ತು. ಗುಮಾಸ್ತರು ಪಂಚೆ ಎತ್ತಿ ಕಟ್ಟಿ ಹೋಗಿ ಅದರ ಒಂದು ತುದಿಯನ್ನು ಹಿಡಿದರು. ಬೆಳಗಿನ ಜಾವದವರೆಗೆ ಇಬ್ಬರೂ ಹಿಡಿದೇ ನಿಂತಿದ್ದರು. ಶೇಂಗಾದ ತೂಕ, ದರ, ಎಣ್ಣೆಯ ಇಳುವರಿಯನ್ನು ಇಪ್ಪತ್ತೆರಡು ವರ್ಷ ಬರೆದ ಕೈಗೆ ಶೇಂಗಾ ನೆನೆಯದ ಹಾಗೆ ನೋಡಿಕೊಳ್ಳುವ ಕೆಲಸ ಅದೇ ಮೊದಲು.

ಮೂರನೇ ದಿನ ಬೆಳಿಗ್ಗೆ ಮಳೆ ಬಿಟ್ಟು ಬಿಸಿಲು ಬಂತು. ಜಟಿಂಗ ರಾಮೇಶ್ವರದ ಬೆಟ್ಟಕ್ಕೆ ಅಜ್ಜಿಯೂ ಹೊರಟರು. ಬೇಡವೆಂದರೂ ಕೇಳಲಿಲ್ಲ. ರಾವಣನೊಡನೆ ಕಾದಾಡಿ ಜಟಾಯು ಬಿದ್ದದ್ದು ಇಲ್ಲಿಯೇ ಎಂದು ನಂಬಿಕೆ. ಆಂಧ್ರದ ಲೇಪಾಕ್ಷಿಯವರು ತಮ್ಮಲ್ಲಿ ಎನ್ನುತ್ತಾರೆ. ಕೇರಳದ ಚಡಯಮಂಗಲದವರು ತಮ್ಮಲ್ಲಿ ಎಂದು ಬಂಡೆಯ ಮೇಲೆ ಭಾರಿ ಶಿಲ್ಪವನ್ನೇ ಮಾಡಿದ್ದಾರೆ. ರೆಕ್ಕೆ ಕಡಿದ ಹಕ್ಕಿ ಅಷ್ಟು ಕಡೆ ಬೀಳುವುದು ಹೇಗೆಂದು ಕೇಳುವವರು ಬೆಟ್ಟ ಹತ್ತುವ ಗೋಜಿಗೆ ಹೋಗಬಾರದು. ಮೊದಲು ಇಟ್ಟಿಗೆಯದಾಗಿದ್ದ ಗುಡಿಯನ್ನು ಕ್ರಿ.ಶ. 962ರಲ್ಲಿ ಕಲ್ಲಿನಲ್ಲಿ ಕಟ್ಟಿಸಿದರೆಂದು ಅಲ್ಲಿಯ ಶಾಸನ ಹೇಳುತ್ತದೆ. ಅಶೋಕನ ಶಾಸನ ಇರುವ ಬಂಡೆ ಗುಡಿಗೆ ಹೋಗುವ ದಾರಿಯಲ್ಲೇ ಇದೆ. ಜಾತ್ರೆಯಲ್ಲಿ ಬಳೆಗಾರರು ಅದರ ಮೇಲೆ ಅಂಗಡಿ ಹೂಡುತ್ತಿದ್ದುದರಿಂದ ‘ಬಳೆಗಾರರ ಗುಂಡು’ ಎಂದು ಹೆಸರು. ಅಕ್ಷರಗಳು ಸವೆದು ಬಹುಪಾಲು ಹೋಗಿವೆ. ಚಕ್ರವರ್ತಿಯ ಆಜ್ಞೆಯ ಮೇಲೆ ಎಷ್ಟು ಜನ ಹೆಣ್ಣುಮಕ್ಕಳು ಕೈಚಾಚಿ ಬಳೆ ಇಡಿಸಿಕೊಂಡಿದ್ದಾರೋ! ಅಜ್ಜಿಯೂ ಮದುವೆಗೆ ಮುಂಚಿನ ಜಾತ್ರೆಯಲ್ಲಿ ಅಲ್ಲಿಯೇ ಇಡಿಸಿಕೊಂಡಿದ್ದರಂತೆ. ಹಸಿರು ಗಾಜಿನ ಬಳೆ, ಕೈಗೆ ಆರಾರು.

ಮೇಲೆ ಗಾಳಿ ಜೋರಾಗಿತ್ತು. ಕೆಳಗೆ ಚಿನ್ನಹಗರಿಯ ಬಯಲು ಕಣ್ಣು ಹೋಗುವವರೆಗೆ. ಹುಡುಗ ಒಮ್ಮೆಲೇ, “ಅಜ್ಜಿ, ಕೆರೆ! ಎಷ್ಟು ದೊಡ್ಡ ಕೆರೆ!” ಎಂದು ಕೂಗಿದ. ದೂರದ ಬಯಲಿನಲ್ಲಿ ಚೌಕಚೌಕವಾಗಿ ನೀಲಿ ಬಣ್ಣ ಬಿಸಿಲಿಗೆ ಹೊಳೆಯುತ್ತಿತ್ತು. ಅಜ್ಜಿ ಹುಬ್ಬಿಗೆ ಕೈ ಅಡ್ಡ ಹಿಡಿದು ನೋಡಿದರು. ಆ ದಿಕ್ಕಿನಲ್ಲಿ ಕೆರೆಯಿಲ್ಲವೆಂದು ಅವರಿಗೆ ಗೊತ್ತು. ಗುಮಾಸ್ತರೇ ಹೇಳಬೇಕಾಯಿತು, ಅದು ಸೋಲಾರ್ ಫಲಕ ಎಂದು. ಹೇಳಿದ ಮೇಲೆ ಉಳಿದದ್ದನ್ನೂ ಹೇಳಿದರು. ಚಳ್ಳಕೆರೆಗೆ ತಾಗಿದ ಪಾವಗಡದಲ್ಲಿ 13,000 ಎಕರೆಯಲ್ಲಿ 2,050 ಮೆಗಾವಾಟಿನ ಪಾರ್ಕ್ ಆಗಿದೆ, ರೈತರಿಂದ ಜಮೀನು ಕೊಂಡಿಲ್ಲ, ಗುತ್ತಿಗೆಗೆ ತೆಗೆದುಕೊಂಡಿದ್ದಾರೆ, ಎಕರೆಗೆ ವರ್ಷಕ್ಕೆ 21,000 ರೂಪಾಯಿಯಿಂದ ಶುರುವಾಯಿತು, ಮಳೆ ಬಂದರೂ ಬರದಿದ್ದರೂ ಆ ದುಡ್ಡು ಬರುತ್ತದೆ, ಇಲ್ಲಿಯ ಕಂಪನಿ ಬೇರೆ, ದರ ಬೇರೆ, ಆದರೂ ಹೆಚ್ಚುಕಡಿಮೆ ಅದೇ ರೀತಿ.

“ಅವನು ಏನು ಮಾಡ್ತಾನೆ ಆಮೇಲೆ?” ಎಂದು ಅಜ್ಜಿ ಕೇಳಿದರು. ಅವನು ಎಂದರೆ ಅಣ್ಣನ ಮಗ. ಅದಕ್ಕೆ ಗುಮಾಸ್ತರ ಕಾಗದದಲ್ಲಿ ಉತ್ತರ ಇರಲಿಲ್ಲ. ದುಡ್ಡು ಬರುವುದು ಪಹಣಿಯಲ್ಲಿ ಹೆಸರಿದ್ದವರಿಗೆ. ಕೋರಿಗೆ ಮಾಡುವವನಿಗೆ, ಕಳೆ ಕೀಳುವ ಹೆಂಗಸರಿಗೆ, ಕೂಳೆಯಲ್ಲಿ ಕುರಿ ಬಿಡುವವನಿಗೆ ಅದರಲ್ಲಿ ಪಾಲಿಲ್ಲ. ಪಾವಗಡದಲ್ಲೂ ಆದದ್ದು ಅದೇ. “ಸ್ವಲ್ಪ ಅವನಿಗೂ ಕೊಡಾನ” ಎಂದರು ಗುಮಾಸ್ತರು. “ಎಷ್ಟು?” ಎಂದರು ಅಜ್ಜಿ. ಗುಮಾಸ್ತರು ಹಿಂದಿನ ರಾತ್ರಿ ತಾಡಪಾಲು ಹಿಡಿದ ಕೈಯನ್ನು ನೋಡಿಕೊಂಡರು. ಹಗ್ಗ ಉಜ್ಜಿ ಬೊಬ್ಬೆ ಎದ್ದಿತ್ತು.

ಇಳಿಯುವಾಗ ಅಜ್ಜಿ ಮೊಮ್ಮಗಳ ಭುಜ ಹಿಡಿದುಕೊಂಡು ನಿಧಾನವಾಗಿ ಇಳಿದರು. ಬಳೆಗಾರರ ಗುಂಡಿನ ಹತ್ತಿರ ಉಸಿರು ಬಿಡಲು ಕೂತು, “ಎರಡು ಎಕರೆ ಕೊಡು. ಬಾವಿ ಕಡೆ ಎಕರೆ ನನ್ನ ಹೆಸರಲ್ಲೇ ಇರಲಿ, ಅವನು ಮಾಡ್ಕಂಡು ತಿನ್ನಲಿ. ದುಡ್ಡಿನಾಗೆ ಮೂರರಲ್ಲಿ ಒಂದು ಪಾಲು ಅವನದು. ಕಾಗದದಾಗೆ ಬರೆಸು, ಬಾಯಿಮಾತು ಬ್ಯಾಡ” ಎಂದರು. ಒಂದೇ ತುಂಡು ಮೂರು ಎಕರೆ ಇಲ್ಲದಿದ್ದರೆ ಕಂಪನಿ ಒಪ್ಪದಿರಬಹುದು ಎಂದು ಗುಮಾಸ್ತರು ಹೇಳಿ ನೋಡಿದರು. “ಒಪ್ಪದಿದ್ರೆ ಬಿಡಲಿ” ಎಂಬುದಷ್ಟೇ ಅಜ್ಜಿಯ ಉತ್ತರ.

ಮಧ್ಯಾಹ್ನ ಹೊಲದಲ್ಲಿ ಮುದ್ದೆ, ಹಸಿ ಶೇಂಗಾ ರುಬ್ಬಿ ಹಾಕಿದ ಸಾರು. ಊಟವಾದ ಮೇಲೆ ಅಜ್ಜಿ ಬದುವಿನ ಮೇಲೆ ಕಾಲು ಚಾಚಿ ಕೂತು, ಮೊರದ ತುಂಬ ಕಾಯಿ ಹಾಕಿಕೊಂಡು, ಮೊಳೆತದ್ದನ್ನು ಒಂದು ಕಡೆಗೆ, ಗಟ್ಟಿಯಾದದ್ದನ್ನು ಇನ್ನೊಂದು ಕಡೆಗೆ ಆರಿಸತೊಡಗಿದರು. ಬಿತ್ತನೆಗೆ ಎಂದರು. ಮಗಳೂ ಪಕ್ಕದಲ್ಲಿ ಕೂತಳು. ಮಾವ ಮತ್ತು ಹುಡುಗ ಟೆಂಟನ್ನು ಜಾಲಿಯ ಮೇಲೆ ಒಣಹಾಕುವಾಗ ಮುಳ್ಳು ಹತ್ತಿ ಇನ್ನೊಂದು ತೂತಾಯಿತು. “ಇದು ಇಲ್ಲೇ ಇರಲಿ ಬಿಡ್ರಿ ಭಾವ, ಬಣವೆಗೆ ಹೊದಿಸ್ತೀನಿ” ಎಂದು ಮಾವ ಕೇಳಿದ್ದಕ್ಕೆ ಯಾರೂ ಬೇಡವೆನ್ನಲಿಲ್ಲ.

ಗಾಡಿ ಹತ್ತುವಾಗ ಮಗಳು, “ಮುಂದಿನ ವರ್ಷ ಸಮುದ್ರಕ್ಕೆ ಹೋಗ್ಲೇಬೇಕು ಅಪ್ಪ” ಎಂದು ನೆನಪು ಮಾಡಿದಳು. ಗುಮಾಸ್ತರು ಜೇಬಿನಿಂದ ಹಳೆಯ ಲೆಕ್ಕದ ಕಾಗದ ತೆಗೆದರು. ಮಳೆಗೆ ನೆನೆದು ಅಂಕಿಗಳೆಲ್ಲ ಒಂದಕ್ಕೊಂದು ಅಂಟಿಕೊಂಡಿದ್ದವು. ಹಿಂದಿನ ಸೀಟಿನಿಂದ ಅಜ್ಜಿ, “ನನ್ನೂ ಸೇರಿಸಿ ಲೆಕ್ಕ ಹಾಕ್ಲಾ” ಎಂದರು. ಹಾನಗಲ್ ಕ್ರಾಸ್ ದಾಟುವಾಗ ದಲ್ಲಾಳಿಯ ಫೋನು ಬಂತು. ಗುಮಾಸ್ತರು ಗಾಡಿ ಪಕ್ಕಕ್ಕೆ ನಿಲ್ಲಿಸಿ, ಇಳಿದು, ಹುಣಸೆಮರದ ಕೆಳಗೆ ಹೋಗಿ ಮಾತಾಡಿದರು. ಎರಡು ಎಕರೆ ಎಂಬ ಮಾತು ಗಾಡಿಯೊಳಗಿನವರಿಗೂ ಕೇಳಿಸುವಷ್ಟು ಗಟ್ಟಿಯಾಗಿತ್ತು.